ಮೆಣಸು ಬೆಳೆಯುವ ನಾಡು: ಅರ್ಥವ್ಯವಹಾರದ ಕೆಲವು ಜರ್ಮನ್ ಲಾಕ್ಷಣಿಕ ನುಡಿಗಳೂ ಅವುಗಳ ಇಂಗ್ಲಿಷ್ ಅನುವಾದವೂ

1

ಜರ್ಮನ್ ಭಾಷೆಯಲ್ಲಿ ಒಂದು ಬಯ್ಗಳುಂಟು. ಬೇಡವಾದ ಮನುಷ್ಯನನ್ನು ಕಣ್ಣೆದುರಿನಿಂದ ತೊಲಗಿಸಬೇಕೆಂದಾಗ ಆ ಭಾಷೆಯವರು ‘ಮೆಣಸು ಬೆಳೆಯುವಲ್ಲಿಗೆ ಹೋಗು’ ಎನ್ನುತ್ತಾರೆ. ಹೋದವನು ಮರಳಿ ಬಾರದಷ್ಟು ದೂರ ಎಂಬುದು ಅದರ ತಾತ್ಪರ್ಯ. 16ನೆಯ ಶತಮಾನದ ಬರಹಗಳಲ್ಲಿಯೇ ಈ ನುಡಿ ದೊರೆಯುತ್ತದೆ. ಇಂಗ್ಲಿಷಿಗೆ ತಿರುಗಿಸುವವರು ಸಾಮಾನ್ಯವಾಗಿ ಇದನ್ನು ‘ತೊಲಗಿಹೋಗು’ ಎಂಬರ್ಥದ ಮಾತಿನಿಂದಲೋ, ‘ಜೆರಿಕೋವಿಗೆ ಹೋಗು’ ಎಂಬ ತಮ್ಮದೇ ಹಳೆಯ ನುಡಿಯಿಂದಲೋ ಅನುವಾದಿಸುತ್ತಾರೆ. ಅರ್ಥ ಸರಿಯಾಗಿಯೇ ಬಂದಿದೆ. ಬಿಟ್ಟುಹೋದುದು ಮೆಣಸು ಮಾತ್ರ.

ಶಿರಸಿ ಸೀಮೆಯ ಸೋಂದೆಯಲ್ಲಿ ಕುಳಿತು ಈ ಅನುವಾದವನ್ನು ಓದುವವನಿಗೆ ಆ ಲೋಪವು ಸಣ್ಣದೆಂದು ತೋರದು. ಸೋದೆ, ಸ್ವಾದಿ, ಸುಧಾಪುರ ಎಂಬ ಹೆಸರುಗಳಿಂದಲೂ ಪ್ರಸಿದ್ಧವಾದ ಈ ಊರು ಇಂದು ಶ್ರೀವಾದಿರಾಜರ ವೃಂದಾವನದಿಂದ, ಸ್ವರ್ಣವಲ್ಲಿಯ ಮಠದಿಂದ, ಜೈನಮಠದಿಂದ ಯಾತ್ರಿಕರಿಗೆ ಪರಿಚಿತವಾಗಿದೆ. ಆದರೆ 17ನೆಯ, 18ನೆಯ ಶತಮಾನಗಳ ಯುರೋಪಿನ ವರ್ತಕನಿಗೆ ‘ಸುಂಡ’ ಎಂದರೆ ಮೆಣಸು. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷರು ಕಾರವಾರದಲ್ಲಿ ಕೋಠಿಯನ್ನು ತೆರೆದುದಕ್ಕೆ ಘಟ್ಟದ ಮೇಲಿನ ಈ ಮೆಣಸು ಒಂದು ಮುಖ್ಯ ಕಾರಣ. ಅಂದಮೇಲೆ ಜರ್ಮನನು ಬಯ್ದು ಕಳುಹಿಸುವ ಆ ‘ಮೆಣಸು ಬೆಳೆಯುವಲ್ಲಿ’ ಎಂಬ ಸ್ಥಳ ಕಲ್ಪನೆಯದಲ್ಲ; ಪಶ್ಚಿಮ ಕರಾವಳಿಯ ಉದ್ದಕ್ಕೂ ಹಬ್ಬಿದ ಆ ನಾಡಿನಲ್ಲಿ ನಮ್ಮ ಸೋಂದೆಯೂ ಒಂದು. ಅಡಿಕೆಯ ಮರಕ್ಕೆ ಹಬ್ಬಿದ ಬಳ್ಳಿಯ ನೆರಳಿನಲ್ಲಿ ಬದುಕಿದ ಜನ ಯುರೋಪಿನ ಒಂದು ಭಾಷೆಯ ನುಡಿಗಟ್ಟಿನೊಳಗೆ ಹೆಸರಿಲ್ಲದೆ ಸೇರಿಕೊಂಡಿದ್ದರು. ಇಂಗ್ಲಿಷ್ ಅನುವಾದ ಅವರನ್ನು ಅಲ್ಲಿಂದ ಹೊರಡಿಸಿತು.

ಅರ್ಥವ್ಯವಹಾರಕ್ಕೆ ಸಂಬಂಧಿಸಿದ ಜರ್ಮನ್ ಲಾಕ್ಷಣಿಕ ಪ್ರಯೋಗಗಳು ಇಂಗ್ಲಿಷಿಗೆ ಬಂದಾಗ ಏನಾಗುತ್ತವೆ, ಆ ಇಂಗ್ಲಿಷನ್ನೇ ಮೂಲವೆಂದು ನಂಬಿ ಇತಿಹಾಸವನ್ನು ಬರೆಯುವ ಕನ್ನಡಿಗರಿಗೆ ಅದರಿಂದ ಒದಗುವ ಹಾನಿಯೇನು, ಇವೆರಡನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಾರ್ಕ್ಸ್, ವೇಬರ್ ಮೊದಲಾದವರನ್ನು ನಮ್ಮಲ್ಲಿ ಬಹುಮಂದಿ ಇಂಗ್ಲಿಷಿನಲ್ಲಿಯೇ ಓದುತ್ತಾರೆ. ಅಲ್ಲಿಂದಲೇ ಕನ್ನಡಕ್ಕೆ ತರುತ್ತಾರೆ. ಆದಕಾರಣ ಈ ವಿಚಾರವು ಪರಭಾಷೆಗಳೆರಡರ ನಡುವಿನ ವ್ಯಾಜ್ಯ ಮಾತ್ರವಲ್ಲ.

2

ವಿಚಾರಕ್ಕೆ ಬೇಕಾದ ಉಪಕರಣ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಸಿದ್ಧವಾಗಿದೆ. ವಾಚ್ಯಾರ್ಥವು ಹೊಂದದೆ ಇದ್ದಾಗ ಅದಕ್ಕೆ ಸಂಬಂಧಿಸಿದ ಮತ್ತೊಂದು ಅರ್ಥವನ್ನು ಶಬ್ದವು ತಿಳಿಸುವುದು ಲಕ್ಷಣೆ. ಇದರಲ್ಲಿ ಎರಡು ಬಗೆ. ಬಳಕೆಯಿಂದ ಸವೆದು, ಮೂಲದ ಚಿತ್ರ ಕೇಳುವವನ ಮನಸ್ಸಿಗೆ ಬಾರದಂತಾದುದು ರೂಢಿಲಕ್ಷಣೆ. ‘ಕುಶಲ’ ಎಂಬಲ್ಲಿ ದರ್ಭೆಯನ್ನು ಕೊಯ್ಯುವವನ ನೆನಪು ಯಾರಿಗೂ ಆಗುವುದಿಲ್ಲ. ಏನನ್ನೋ ಸಾಧಿಸುವುದಕ್ಕಾಗಿ ಬರಹಗಾರನು ಬುದ್ಧಿಪೂರ್ವಕವಾಗಿ ಪ್ರಯೋಗಿಸುವುದು ಪ್ರಯೋಜನಲಕ್ಷಣೆ. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆಯೆಂದಾಗ ದಡವೆಂಬ ಅರ್ಥದ ಜೊತೆಗೆ ತಂಪೂ ಪಾವನತ್ವವೂ ತೋರುತ್ತವೆ. ‘ಗಂಗೆಯ ದಡದಲ್ಲಿ’ ಎಂದು ತಿದ್ದಿದರೆ ಅರ್ಥ ಕೆಡುವುದಿಲ್ಲ, ಪ್ರಯೋಜನ ನಷ್ಟವಾಗುತ್ತದೆ.

ಅನುವಾದಕನ ಮೊದಲ ಹೊಣೆ ಎದುರಿಗಿರುವುದು ಯಾವ ಬಗೆಯದೆಂದು ನಿರ್ಣಯಿಸುವುದು. ರೂಢಿಯನ್ನು ಪ್ರಯೋಜನವೆಂದು ಬಗೆದು ಅಕ್ಷರಶಃ ಅನುವಾದಿಸಿದರೆ ಭಾಷೆ ನಗೆಪಾಟಲಾಗುತ್ತದೆ. ಪ್ರಯೋಜನವನ್ನು ರೂಢಿಯೆಂದು ಬಗೆದು ಸಾರವನ್ನಷ್ಟೇ ಹಿಂಡಿಕೊಟ್ಟರೆ ವಿಚಾರವೇ ಸೋರಿಹೋಗುತ್ತದೆ. ಇತಿಹಾಸಕಾರನಿಗಾದರೋ ಮೂರನೆಯದೊಂದು ಕಷ್ಟವೂ ಉಂಟು. ಸವೆದ ರೂಢಿಲಕ್ಷಣೆಯೂ ಅವನ ಪಾಲಿಗೆ ಸವೆದ ನಾಣ್ಯದಂತೆ. ಪೇಟೆಯಲ್ಲಿ ಅದರ ಮೇಲಿನ ಮುದ್ರೆಯನ್ನು ಯಾರೂ ನೋಡರು. ಆದರೆ ಅದನ್ನು ಟಂಕಿಸಿದವರು ಯಾರೆಂದು ತಿಳಿಯಲು ಆ ಮುದ್ರೆಯೇ ಆಧಾರ.

3

ಮೆಣಸಿನ ಕುಲಕ್ಕೆ ಸೇರಿದ ಮತ್ತೊಂದು ಜರ್ಮನ್ ಪದವನ್ನು ನೋಡೋಣ. ಧನಮದವುಳ್ಳ ವರ್ತಕನನ್ನು ಆ ಭಾಷೆಯಲ್ಲಿ ‘ಫೆಫರ್‌ಝಾಕ್’ ಎಂದು ಹಳಿಯುತ್ತಾರೆ. ಪದಶಃ ‘ಮೆಣಸಿನ ಮೂಟೆ’. ನ್ಯೂರೆಂಬರ್ಗಿನ ಶ್ರೀಮಂತರೂ ಹ್ಯಾಂಬರ್ಗಿನ ಸಾಹುಕಾರರೂ ಈ ಮೂದಲಿಕೆಗೆ ಪಾತ್ರರಾದವರು. ಇಂಗ್ಲಿಷ್ ನಿಘಂಟುಗಳು ಇದಕ್ಕೆ ‘ಮನಿಬ್ಯಾಗ್ಸ್’, ಎಂದರೆ ಹಣದ ಥೈಲಿ, ಎಂಬ ಪರ್ಯಾಯವನ್ನು ಕೊಡುತ್ತವೆ. ಮೂಟೆ ಥೈಲಿಯಾಗಿ ಉಳಿಯಿತು. ಒಳಗಿನ ಸರಕು ಬದಲಾಯಿತು.

ಆ ಸರಕಿನ ಚರಿತ್ರೆಯಲ್ಲಿ ನಮ್ಮ ಕರಾವಳಿಗೆ ಪಾಲುಂಟು. 1505ರ ಮಾರ್ಚ್ ತಿಂಗಳಿನಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡನ ನೌಕಾಪಡೆ ಲಿಸ್ಬನ್ನಿನಿಂದ ಹೊರಟಾಗ ಅದರೊಡನೆ ಬಂದ ಮೂರು ಹಡಗುಗಳಿಗೆ ಬಂಡವಾಳವನ್ನು ಹೂಡಿದವರಲ್ಲಿ ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗಿನ ವರ್ತಕ ಮನೆತನಗಳೂ ಇದ್ದವು. ವೆಲ್ಸರ್ ಮತ್ತು ಅವರ ಪಾಲುದಾರರು 20,000 ಕ್ರುಜಾಡೊಗಳನ್ನೂ, ಫುಗ್ಗರರು 4,000 ಕ್ರುಜಾಡೊಗಳನ್ನೂ ತೊಡಗಿಸಿದ್ದರು. ವೆಲ್ಸರರ ಪರವಾಗಿ ಬಂದ ಬಾಲ್ತಜಾರ್ ಸ್ಪ್ರಿಂಗರನು ತನ್ನ ಪ್ರಯಾಣದ ವೃತ್ತಾಂತವನ್ನು 1509ರಲ್ಲಿ ಅಚ್ಚು ಹಾಕಿಸಿದನು. ಅದೇ 1505ರ ಸೆಪ್ಟೆಂಬರಿನಲ್ಲಿ ಆ ಪಡೆ ಕಾರವಾರದ ಸಮೀಪದ ಅಂಜದೀವದಲ್ಲಿ ಕೋಟೆಯನ್ನು ಕಟ್ಟಿತು. ಮುಂದೆ ಹೊನ್ನಾವರದ ಮೇಲೆ ಬಿದ್ದಿತು. ಸೋಂದೆಯಲ್ಲಿ ಅರಸುಮನೆತನವು ತಲೆಯೆತ್ತಿದುದು ಅದೇ ಶತಮಾನದ ನಡುಭಾಗದಲ್ಲಿ. ಎಂದರೆ ಸೋಂದೆಯ ರಾಜ್ಯಕ್ಕಿಂತ ಮೊದಲೇ ಈ ದಂಡೆಯ ಮೆಣಸಿನ ಮೇಲೆ ಜರ್ಮನ್ ಹಣದ ಕಣ್ಣು ಬಿದ್ದಿತ್ತು. ಮೆಣಸಿಗೆ ಪ್ರತಿಯಾಗಿ ಯುರೋಪಿನ ತಾಮ್ರವೂ ಬೆಳ್ಳಿಯೂ ಇತ್ತ ಹರಿದುಬಂದವು.

ಈ ವ್ಯಾಪಾರವನ್ನು ಜರ್ಮನ್ ಜನಸಾಮಾನ್ಯರು ಮೆಚ್ಚಲಿಲ್ಲ. ಮಾರ್ಟಿನ್ ಲೂಥರನು 1524ರಲ್ಲಿ ವಾಣಿಜ್ಯವನ್ನೂ ಬಡ್ಡಿಯನ್ನೂ ಕುರಿತು ಬರೆದ ಗ್ರಂಥದಲ್ಲಿ ಕಲ್ಲಿಕೋಟೆಯಿಂದಲೂ ಇಂಡಿಯದಿಂದಲೂ ಬರುವ ರೇಷ್ಮೆ, ಸಂಬಾರಗಳು ನಾಡಿನ ಹಣವನ್ನು ಹೊರಕ್ಕೆ ಹರಿಸುತ್ತಿವೆಯೆಂದು ಆಕ್ಷೇಪಿಸಿದನು. ‘ಮೆಣಸಿನ ಮೂಟೆ’ ಎಂಬ ಬಯ್ಗಳಿನಲ್ಲಿ ಈ ಸಿಟ್ಟೆಲ್ಲ ತುಂಬಿಕೊಂಡಿದೆ. ಅವನು ಬರಿಯ ಹಣವಂತನಲ್ಲ. ದೂರದೇಶದ ಸರಕನ್ನು ಏಕಸ್ವಾಮ್ಯದಿಂದ ಹಿಡಿದಿಟ್ಟು ಹಣವಂತನಾದವನು. ‘ಹಣದ ಥೈಲಿ’ ಎಂದಾಗ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಯೇ ಏಳುವುದಿಲ್ಲ. ಸಂಪತ್ತು ತನ್ನ ಹುಟ್ಟನ್ನು ಮರೆಸಿಕೊಳ್ಳುವುದು ಸಹಜ. ಅನುವಾದವು ಅದಕ್ಕೆ ಕೈ ನೀಡಬಾರದು.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಪಕ್ಕದಲ್ಲಿಯೇ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ ಎಂದು ಕರೆದರೆಂಬುದು ಪ್ರಸಿದ್ಧ. ಆ ಹೆಸರು ಇಂಗ್ಲಿಷಿಗೂ, ಅನಂತರ ಕನ್ನಡಕ್ಕೂ ಮೆಣಸನ್ನು ಹೊತ್ತುಕೊಂಡೇ ಬಂದಿತು. ಯಾರೋ ಒಬ್ಬ ಅನುವಾದಕನು ಅದನ್ನು ‘ಧನಿಕ ರಾಣಿ’ ಎಂದು ಸುಗಮಗೊಳಿಸಿದ್ದರೆ ಆಕೆಯ ರಾಜ್ಯದ ಆರ್ಥಿಕ ಚರಿತ್ರೆಗೆ ಇಂದು ಹೊಸ್ತಿಲಿನಂತಿರುವ ಮಾತೊಂದು ಮುಚ್ಚಿಹೋಗುತ್ತಿತ್ತು.

4

ಜರ್ಮನ್ ಭಾಷೆಯಲ್ಲಿ ಮಿತಿಮೀರಿದ ಬೆಲೆಗೆ ‘ಮೆಣಸು ಹಾಕಿದ ಬೆಲೆ’ ಎನ್ನುವುದುಂಟು. ಇಂಗ್ಲಿಷಿನಲ್ಲಿ ಅದು ‘ಕಡಿದಾದ ಬೆಲೆ’ ಎಂದಾಗುತ್ತದೆ. ಖಾರದ ಸ್ಥಾನದಲ್ಲಿ ಗುಡ್ಡ ಬಂದು ನಿಲ್ಲುತ್ತದೆ. ಇಲ್ಲಿ ಅನುವಾದಕನನ್ನು ದೂಷಿಸಲಾಗದು. ಏಕೆಂದರೆ ಇಂಗ್ಲಿಷಿನ ಅರ್ಥವ್ಯವಹಾರದಲ್ಲಿ ಮೆಣಸಿಗೆ ಸರಿಯಾಗಿ ತಿರುಗುಮುರುಗಾದ ರೂಢಿಯುಂಟು. ಆ ದೇಶದ ಕಾನೂನಿನಲ್ಲಿ ಹೆಸರಿಗೆ ಮಾತ್ರ ಕೊಡುವ ಗೇಣಿಗೆ ‘ಮೆಣಸಿನ ಕಾಳಿನ ಗೇಣಿ’ ಎಂದು ಹೆಸರು. ಒಪ್ಪಂದವು ಊರ್ಜಿತವಾಗಲು ಏನಾದರೊಂದು ಪ್ರತಿಫಲ ಇರಲೇಬೇಕಾದುದರಿಂದ ವರ್ಷಕ್ಕೊಂದು ಮೆಣಸಿನ ಕಾಳು ಸಾಕೆಂದು ಬರೆದುಕೊಳ್ಳುತ್ತಿದ್ದರು. ಜರ್ಮನನಿಗೆ ಮೆಣಸು ದುಬಾರಿತನದ ಗುರುತು, ಇಂಗ್ಲಿಷನಿಗೆ ಮೆಣಸಿನ ಕಾಳು ಕ್ಷುಲ್ಲಕತೆಯ ಗುರುತು. ಒಬ್ಬನ ನೋಟ ಮೂಟೆಯ ಮೇಲೆ, ಇನ್ನೊಬ್ಬನ ನೋಟ ಕಾಳಿನ ಮೇಲೆ.

ಈಗ ಕನ್ನಡದ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ದಸ್ತಾವೇಜಿನಲ್ಲಿ ಈ ಮಾತನ್ನು ಕಂಡು ‘ಮೆಣಸಿನ ಗೇಣಿ’ ಎಂದು ಬರೆದನೆನ್ನಿ. ಬಯಲುಸೀಮೆಯ ಓದುಗನಿಗೆ ಅದು ಒಗಟಾಗಬಹುದು. ಸೋಂದೆಯ ಸೀಮೆಯವನಿಗಾದರೋ ಅದು ಅಪಾಯಕರವಾದಷ್ಟು ಸುಲಭವಾಗಿ ಅರ್ಥವಾಗುತ್ತದೆ. ತೋಟದ ಹುಟ್ಟುವಳಿಯೇ ಸಂಪತ್ತಾದ ನಾಡಿನಲ್ಲಿ ‘ಮೆಣಸಿನ ಗೇಣಿ’ ಎಂದರೆ ಬಹು ದೊಡ್ಡ ಗೇಣಿಯೆಂದೇ ಅವನು ತಿಳಿಯುವನು. ಹೀಗೆ ಶಬ್ದಶಃ ನಿಷ್ಠವಾದ ಅನುವಾದವು ಅರ್ಥವನ್ನು ತಲೆಕೆಳಗು ಮಾಡುತ್ತದೆ. ವಸ್ತುವನ್ನು ಉಳಿಸಬೇಕೆಂಬ ನಮ್ಮ ವಾದಕ್ಕೂ ಮಿತಿಯುಂಟೆಂಬುದನ್ನು ಈ ಉದಾಹರಣೆ ತೋರಿಸುತ್ತದೆ.

ಇಂಗ್ಲಿಷನ್ನು ಹಳಿಯುವ ಮೊದಲು ನಮ್ಮ ಭಾಷೆಯನ್ನೂ ನೋಡಿಕೊಳ್ಳುವುದು ನ್ಯಾಯ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯಲ್ಲಿ ಅಡಿಕೆ ಅತ್ಯಲ್ಪವಾದ ವಸ್ತು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಅಡಿಕೆ ಅಲ್ಪವಸ್ತುವಾದುದು ಯಾವಾಗ? ಮದುವೆ, ಉಪನಯನ, ಸಾಲ, ವಿದ್ಯೆ, ಎಲ್ಲವೂ ಅಡಿಕೆಯ ಧಾರಣೆಯ ಮೇಲೆ ನಿಂತಿವೆ. ಗಾದೆ ಕಟ್ಟಿದವನು ಒಂದು ಅಡಿಕೆಯನ್ನು ಕೊಂಡವನೇ ಹೊರತು ಮೂಟೆಯನ್ನು ಮಾರಿದವನಲ್ಲ. ಕೊಳ್ಳುವವನ ಭಾಷೆಯಲ್ಲಿ ಕಾಳು, ಬೆಳೆಯುವವನ ಭಾಷೆಯಲ್ಲಿ ಮೂಟೆ. ಇದನ್ನು ‘ಕಾಸಿಗೆ ಹೋದ ಮಾನ’ ಎಂದು ಪರಭಾಷೆಗೆ ತಿರುಗಿಸಿದರೆ ತಾತ್ಪರ್ಯ ನಿಲ್ಲುತ್ತದೆ. ಆದರೆ ಗಾದೆ ಯಾರ ಕೈಯಿಂದ ಬಂತೆಂದು ಊಹಿಸುವ ದಾರಿ ಮುಚ್ಚುತ್ತದೆ.

5

ರೂಢಿಯ ನುಡಿಗಳನ್ನು ಬಿಟ್ಟು ಈಗ ಶಾಸ್ತ್ರಗ್ರಂಥಗಳಿಗೆ ಬರೋಣ. ಮೇಲೆ ಹೇಳಿದ ‘ಮನಿಬ್ಯಾಗ್ಸ್’ ಎಂಬ ಪದವೇ ಇಲ್ಲಿಯೂ ನಮ್ಮನ್ನು ಎದುರುಗೊಳ್ಳುವುದು ಕುತೂಹಲಕರ. ಮಾರ್ಕ್ಸನ ‘ಬಂಡವಾಳ’ದ ಮೊದಲ ಸಂಪುಟ 1867ರಲ್ಲಿ ಪ್ರಕಟವಾಯಿತು, ಸಾಮ್ಯುಯೆಲ್ ಮೂರ್ ಮತ್ತು ಎಡ್ವರ್ಡ್ ಎವ್ಲಿಂಗರ ಇಂಗ್ಲಿಷ್ ಅನುವಾದ ಎಂಗೆಲ್ಸನ ಸಂಪಾದಕತ್ವದಲ್ಲಿ 1887ರಲ್ಲಿ ಹೊರಬಂದಿತು. ಶ್ರಮಶಕ್ತಿಯ ಕ್ರಯವಿಕ್ರಯವನ್ನು ವಿವರಿಸುವ ಭಾಗದಲ್ಲಿ ಮಾರ್ಕ್ಸನು ಬಳಸಿದ ಪದ ‘ಗೆಲ್ಡ್‌ಬೆಸಿಟ್ಸರ್’. ಹಣವನ್ನು ಉಳ್ಳವನು ಎಂದಷ್ಟೇ ಅದರ ಅರ್ಥ, ಅಲ್ಲಿ ಅಲಂಕಾರವಿಲ್ಲ. ಅನುವಾದಕರು ಆ ಮನುಷ್ಯನಿಗೆ ‘ಮನಿಬ್ಯಾಗ್ಸ್’ ಎಂಬ ಅಂಕಿತನಾಮವನ್ನೇ ಕೊಟ್ಟರು.

ಇದು ಮೇಲುನೋಟಕ್ಕೆ ಸೊಗಸಾದ ವಿನೋದ. ಆದರೆ ಮಾರ್ಕ್ಸನ ವಾದಕ್ಕೆ ಅಲ್ಲಿ ವಿನೋದ ಬೇಕಿಲ್ಲ. ಆ ವ್ಯಕ್ತಿ ದುರಾಸೆಯವನೋ ಸಜ್ಜನನೋ ಎಂಬುದು ಅಪ್ರಕೃತ. ಅವನ ಕೈಯಲ್ಲಿ ಹಣವಿದೆ, ಎದುರಿನವನಲ್ಲಿ ದುಡಿಮೆಯ ಶಕ್ತಿ ಮಾತ್ರವಿದೆ ಎಂಬ ಸ್ಥಿತಿಯೇ ಮುಖ್ಯ. ‘ಥೈಲಿ’ ಎಂದು ಹೆಸರಿಟ್ಟೊಡನೆ ಸ್ಥಿತಿಯ ವಿಶ್ಲೇಷಣೆ ವ್ಯಕ್ತಿಯ ಹಾಸ್ಯಚಿತ್ರವಾಗಿ ಇಳಿಯುತ್ತದೆ. ಎಂಗೆಲ್ಸನೇ ನೋಡಿ ಒಪ್ಪಿದ ಅನುವಾದವೆಂಬುದರಿಂದ ಈ ಆಕ್ಷೇಪ ಸಡಿಲವಾಗದು.

ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿ ಇರಿಸಿದರೆ ಒಂದು ತತ್ತ್ವ ಹೊಳೆಯುತ್ತದೆ. ಜರ್ಮನ್ನಿನಲ್ಲಿ ಮೂಟೆಯಿದ್ದ ಪದದಿಂದ ಇಂಗ್ಲಿಷು ಮೆಣಸನ್ನು ತೆಗೆಯಿತು. ಮೂಟೆಯೇ ಇಲ್ಲದ ಪದಕ್ಕೆ ಥೈಲಿಯನ್ನು ಕಟ್ಟಿತು. ಮೂಲದಲ್ಲಿ ಒಂದಕ್ಕೊಂದು ನಂಟಿಲ್ಲದ ಎರಡು ಪದಗಳು ಇಂಗ್ಲಿಷಿನಲ್ಲಿ ಒಂದೇ ಆದವು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವನು ಇಲ್ಲಿಂದ ಹಿಂದಕ್ಕೆ ಹೋಗುವ ದಾರಿಯನ್ನು ಕಾಣಲಾರನು.

6

1863ರಲ್ಲಿ ಫರ್ಡಿನಾಂಡ್ ಲಸಾಲನು ಲೈಪ್ಸಿಗ್ಗಿನ ಕಾರ್ಮಿಕ ಸಮಿತಿಗೆ ಬರೆದ ಬಹಿರಂಗ ಪತ್ರದಲ್ಲಿ, ಕೂಲಿಯು ಜೀವನಾವಶ್ಯಕತೆಯ ಮಟ್ಟವನ್ನು ಬಹುಕಾಲ ಮೀರಲಾರದೆಂಬ ಸಿದ್ಧಾಂತವನ್ನು ‘ಏಹರ್ನ್’ ಆದ ನಿಯಮವೆಂದು ವರ್ಣಿಸಿದನು. ಇಂಗ್ಲಿಷಿನಲ್ಲಿ ಇದು ‘ಐರನ್ ಲಾ’ ಆಯಿತು. ನಾವು ‘ಕೂಲಿಯ ಕಬ್ಬಿಣದ ನಿಯಮ’ ಎಂದು ಬೋಧಿಸುತ್ತೇವೆ. ಆದರೆ ‘ಏಹರ್ನ್’ ಎಂದರೆ ಕಬ್ಬಿಣದ್ದಲ್ಲ, ಕಂಚಿನದು. ಲೂಥರನ ಬೈಬಲಿನಲ್ಲಿ ಮೋಶೆಯು ಎತ್ತಿ ನಿಲ್ಲಿಸಿದ ಲೋಹದ ಸರ್ಪಕ್ಕೆ ಇದೇ ವಿಶೇಷಣವಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ಹಿತ್ತಾಳೆಯ ಸರ್ಪ. ಲಸಾಲನ ಸಿದ್ಧಾಂತದಲ್ಲಿ ಅವನ ಸ್ವಂತದ್ದೇನೂ ಇಲ್ಲ, ಗಯಟೆಯ ಕವಿತೆಯಿಂದ ಎರವು ತಂದ ಈ ವಿಶೇಷಣವೊಂದೇ ಅವನದೆಂದು ಮಾರ್ಕ್ಸನು 1875ರಲ್ಲಿ ಗೋಥಾ ಕಾರ್ಯಕ್ರಮವನ್ನು ವಿಮರ್ಶಿಸುವಾಗ ಮೂದಲಿಸಿದನು. ಅಂದಮೇಲೆ ಇಡೀ ಸಿದ್ಧಾಂತದ ಬಲ ನಿಂತುದೇ ಆ ವಿಶೇಷಣದ ಮೇಲೆ.

ಇಂಗ್ಲಿಷರು ಲೋಹವನ್ನು ಬದಲಿಸಿದುದೇಕೆ? ಅಜ್ಞಾನದಿಂದಲ್ಲ. ಕಂಚು ಹಿತ್ತಾಳೆಗಳನ್ನು ಸೂಚಿಸುವ ಇಂಗ್ಲಿಷ್ ವಿಶೇಷಣಕ್ಕೆ ‘ನಾಚಿಕೆಗೆಟ್ಟ’ ಎಂಬ ಅರ್ಥ ರೂಢವಾಗಿದೆ. ‘ಕೂಲಿಯ ನಾಚಿಕೆಗೆಟ್ಟ ನಿಯಮ’ ಎಂದು ಓದುಗನು ತಿಳಿಯಬಾರದೆಂಬ ಎಚ್ಚರಿಕೆ ಯುಕ್ತವೇ. ಆದರೆ ಕಬ್ಬಿಣವು ಬಲವನ್ನು ಸೂಚಿಸುತ್ತದೆ, ಕಂಚು ಸನಾತನತೆಯನ್ನು. ಪ್ರಾಚೀನ ರೋಮಿನಲ್ಲಿ ಶಾಸನಗಳನ್ನು ಕಂಚಿನ ಫಲಕಗಳಲ್ಲಿ ಕೆತ್ತಿಸುತ್ತಿದ್ದರು. ಮನುಷ್ಯನು ಮಾಡಿದ ಏರ್ಪಾಡಿಗೆ ದೈವದ ಶಾಶ್ವತತೆಯನ್ನು ಹೊದಿಸುವುದು ಆ ವಿಶೇಷಣದ ಪ್ರಯೋಜನ. ಮಾರ್ಕ್ಸನ ಸಿಟ್ಟಿಗೆ ಕಾರಣವೂ ಅದೇ.

ಇಂಗ್ಲಿಷಿನ ಸಂಕಟ ಕನ್ನಡಕ್ಕಿಲ್ಲ. ದಾನವನ್ನು ತಾಮ್ರದ ಹಲಗೆಯಲ್ಲಿ ಕೆತ್ತಿಸಿ, ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ವಿಧಿಸಿದ ರಾಜರ ನಾಡು ನಮ್ಮದು. ಲಸಾಲನ ನುಡಿಯನ್ನು ‘ಕೂಲಿಯ ತಾಮ್ರಶಾಸನ’ ಎಂದರೆ ಲೋಹ ಸ್ವಲ್ಪ ಬೇರೆಯಾದರೂ ಭಾವ ಸಂಪೂರ್ಣವಾಗಿ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದರ ವ್ಯಂಗ್ಯವೂ ಬರುತ್ತದೆ. ಆಚಂದ್ರಾರ್ಕವೆಂದು ಬರೆಸಿದ ಅರಸೊತ್ತಿಗೆಗಳು ಉಳಿದವೇ? 1763-64ರಲ್ಲಿ ಹೈದರಾಲಿಯ ಸೈನ್ಯವು ಸೋಂದೆಯನ್ನು ಹಿಡಿದಾಗ ಇಲ್ಲಿನ ಅರಸನು ಗೋವೆಯ ಪೋರ್ತುಗೀಸರ ಆಶ್ರಯಕ್ಕೆ ಹೋಗಬೇಕಾಯಿತು. ಶಾಶ್ವತವೆಂದು ಲೋಹದಲ್ಲಿ ಬರೆದುದೂ ಚರಿತ್ರೆಗೆ ಅಧೀನವೆಂಬ ಮಾತು ‘ತಾಮ್ರಶಾಸನ’ ಎಂಬ ಪದದಲ್ಲಿಯೇ ಅಡಗಿದೆ.

7

ಸರಕಿನ ಮೌಲ್ಯವೇನೆಂದು ವಿವರಿಸುವಾಗ ಮಾರ್ಕ್ಸನು ಅದನ್ನು ಮಾನವಶ್ರಮದ ‘ಗಾಲರ್ಟೆ’ ಎನ್ನುತ್ತಾನೆ. 1887ರ ಇಂಗ್ಲಿಷಿನಲ್ಲಿ ಇದು ‘ಕಂಜೆಲೇಷನ್’, ಎಂದರೆ ಹೆಪ್ಪುಗಟ್ಟುವಿಕೆ. 1976ರ ಬೆನ್ ಫೌಕ್ಸರ ಅನುವಾದದಲ್ಲಿಯೂ ಹೆಪ್ಪುಗಟ್ಟಿದ ಶ್ರಮವೆಂಬ ಭಾವವೇ ಮುಂದುವರಿಯಿತು. ಮೂಲಪದವಾದರೋ ಅಡುಗೆಮನೆಯದು. ಪ್ರಾಣಿಗಳ ಮೂಳೆ, ಗೊರಸು, ಸ್ನಾಯುಗಳನ್ನು ಕುದಿಸಿ, ಆರಿಸಿ, ಗಟ್ಟಿಯಾಗಿಸಿದ ಲೋಳೆಗೆ ಆ ಹೆಸರು. ಹೆಪ್ಪುಗಟ್ಟಿದ ನೀರನ್ನು ಕರಗಿಸಿದರೆ ಮರಳಿ ನೀರಾಗುತ್ತದೆ. ಲೋಳೆಯನ್ನು ಏನು ಮಾಡಿದರೂ ಮೂಳೆಯಾಗದು. ಯಾವ ಅಂಶ ಯಾವ ಪ್ರಾಣಿಯದೆಂದು ಹೇಳಲೂ ಆಗದು. ಒಬ್ಬೊಬ್ಬನ ದುಡಿಮೆ ತನ್ನ ಗುರುತನ್ನು ಕಳೆದುಕೊಂಡು ಒಂದೇ ರಾಶಿಯಾಗುವುದನ್ನು, ಆ ಕ್ರಿಯೆ ಹಿಂದಿರುಗದಂತಹುದೆಂಬುದನ್ನು, ಅದರಲ್ಲಿ ಹೇಸಿಗೆಯ ಅಂಶವಿದೆಯೆಂಬುದನ್ನು, ಮೂರನ್ನೂ ಮಾರ್ಕ್ಸನು ಒಂದು ಪದದಲ್ಲಿ ಹೇಳಿದನು. ಲ್ಯಾಟಿನ್ ಮೂಲದ ಇಂಗ್ಲಿಷ್ ಪದವು ಗಂಭೀರವಾಗಿದೆ. ಆ ಗಾಂಭೀರ್ಯವೇ ಇಲ್ಲಿ ದೋಷ.

ಕನ್ನಡದಲ್ಲಿ ಇದಕ್ಕೇನು ಹೇಳಬೇಕು? ಸೋಂದೆಯ ಸುತ್ತಿನ ತೋಟಿಗರ ಅಂಗಳದಲ್ಲಿ ಒಂದು ಉಪಮಾನ ಸಿದ್ಧವಾಗಿದೆ. ಕೆಂಪಡಿಕೆಯನ್ನು ಮಾಡುವಾಗ ಹಸಿರು ಕಾಯಿಗಳನ್ನು ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಅದೇ ನೀರಿನಲ್ಲಿ ಒಂದರ ಮೇಲೊಂದು ಒಬ್ಬೆ ಬೆಂದಂತೆ ಅಡಿಕೆಯ ರಸ ಇಳಿದು ನೀರು ಕೆಂಪೇರಿ ಮಂದವಾಗುತ್ತದೆ. ಅದೇ ಚೊಗರು. ಯಾವ ಹನಿ ಯಾವ ಕಾಯಿಯದು, ಯಾವ ಮರದ್ದು ಎಂದು ಕೇಳುವಂತಿಲ್ಲ. ಅದನ್ನು ಕಾದಿಟ್ಟು ಮುಂದೆ ಬೇರೆ ಅಡಿಕೆಗೆ ಬಣ್ಣ, ಹೊಳಪುಗಳು ಬರುವಂತೆ ಹಚ್ಚುತ್ತಾರೆ. ಆ ಬಣ್ಣದಿಂದ ಪೇಟೆಯಲ್ಲಿ ಬೆಲೆ ಏರುತ್ತದೆ. ಹಿಂದಿನ ದುಡಿಮೆಯ ಸಾರ ಇಂದಿನ ಸರಕಿನ ಮೈಮೇಲೆ ಮೌಲ್ಯವಾಗಿ ಹೊಳೆಯುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯಲಾರದು. ಆದರೂ ಚೊಗರಿನಲ್ಲಿ ಮೂಳೆಯ ಹೇಸಿಗೆಯಿಲ್ಲ. ಬೆಂದವರು ಮನುಷ್ಯರೆಂಬ ಕ್ರೌರ್ಯ ಅದರಿಂದ ಸೂಚಿತವಾಗದು. ಆದುದರಿಂದ ಇದನ್ನು ವಿವರಣೆಯಲ್ಲಿ ಬಳಸಬಹುದೇ ಹೊರತು ಮೂಲದ ಸ್ಥಾನದಲ್ಲಿ ಕುಳ್ಳಿರಿಸಲಾಗದು. ಪಠ್ಯದಲ್ಲಿ ‘ಕುದಿಸಿದ ಮೂಳೆಯ ಲೋಳೆ’ ಎಂದೇ ಬರೆಯುವ ಧೈರ್ಯ ಅನುವಾದಕನಿಗೆ ಬೇಕು.

8

ಇನ್ನೊಂದು ನಿದರ್ಶನವನ್ನು ಪ್ರಸ್ತಾಪಿಸುವುದು ಈ ಲೇಖಕನಿಗೆ ಪ್ರಾಯಶ್ಚಿತ್ತದಂತಿದೆ. ಮ್ಯಾಕ್ಸ್ ವೇಬರನು 1904-05ರಲ್ಲಿ ಪ್ರಕಟಿಸಿ 1920ರಲ್ಲಿ ಪರಿಷ್ಕರಿಸಿದ ಪ್ರಾಟೆಸ್ಟಂಟ್ ನೀತಿಯ ಪ್ರಬಂಧದ ಕೊನೆಯಲ್ಲಿ, ಹಿಂದೆ ಭಕ್ತನ ಹೆಗಲ ಮೇಲೆ ಹಗುರವಾದ ಮೇಲುಹೊದಿಕೆಯಂತಿದ್ದ ಲೌಕಿಕ ಸಂಪತ್ತಿನ ಚಿಂತೆ ಇಂದು ಉಕ್ಕಿನಷ್ಟು ಗಟ್ಟಿಯಾದ ‘ಗೆಹೊಯ್ಸ’ ಆಗಿದೆಯೆಂದು ಹೇಳುತ್ತಾನೆ. ಟಾಲ್ಕಟ್ ಪಾರ್ಸನ್ಸರು 1930ರಲ್ಲಿ ಇದನ್ನು ‘ಐರನ್ ಕೇಜ್’ ಎಂದು ಅನುವಾದಿಸಿದರು. ಆ ಮಾತು ಜಗತ್ಪ್ರಸಿದ್ಧವಾಯಿತು. ಈ ಲೇಖಕನೂ ಹಲವು ವರ್ಷ ತರಗತಿಯಲ್ಲಿ ‘ಕಬ್ಬಿಣದ ಪಂಜರ’ವೆಂದೇ ಬೋಧಿಸಿದನು, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅದನ್ನೇ ಓದಿ ಅಂಕಗಳನ್ನು ಕೊಟ್ಟನು.

ಜರ್ಮನ್ನಿನ ಆ ಪದಕ್ಕೆ ಬಸವನಹುಳುವಿನ ಚಿಪ್ಪು, ಗಡಿಯಾರದ ಹೊರಕವಚ ಮುಂತಾದ ಅರ್ಥಗಳಿವೆ. ಪಂಜರಕ್ಕೂ ಚಿಪ್ಪಿಗೂ ಎಷ್ಟು ಅಂತರ! ಪಂಜರವನ್ನು ಬೇರೆ ಯಾರೋ ಮಾಡಿರುತ್ತಾರೆ. ಚಿಪ್ಪು ಒಳಗಿನ ಜೀವದ ಮೈಯಿಂದಲೇ ಬೆಳೆಯುತ್ತದೆ. ಪಂಜರದ ಬಾಗಿಲು ತೆರೆದರೆ ಹಕ್ಕಿ ಹಾರುತ್ತದೆ. ಚಿಪ್ಪನ್ನು ಕಿತ್ತರೆ ಹುಳು ಸಾಯುತ್ತದೆ. ಕಬ್ಬಿಣ ಪ್ರಾಚೀನ; ಉಕ್ಕು ವೇಬರನ ಕಾಲದ ಕಾರ್ಖಾನೆಗಳ ಲೋಹ. 2001ರಿಂದೀಚೆಗೆ ಸ್ಟೀಫನ್ ಕ್ಯಾಲ್ಬರ್ಗ್, ಪೀಟರ್ ಬೇರ್ ಮೊದಲಾದವರು ಇಂಗ್ಲಿಷಿನಲ್ಲಿಯೇ ಇದನ್ನು ‘ಉಕ್ಕಿನಂತಹ ಕವಚ’, ‘ಉಕ್ಕಿನಂತಹ ಚಿಪ್ಪು’ ಎಂಬರ್ಥದ ಮಾತುಗಳಿಂದ ತಿದ್ದಿದ್ದಾರೆ.

ಕನ್ನಡದಲ್ಲಿ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ಪಂಜರವೆಂದೊಡನೆ ನಮ್ಮ ಮನಸ್ಸಿಗೆ ಗಿಳಿ ಬರುತ್ತದೆ. ದೇಹವೆಂಬ ಪಂಜರದಿಂದ ಜೀವವೆಂಬ ಗಿಳಿ ಹಾರಿಹೋಗುವ ಕಲ್ಪನೆ ನಮ್ಮ ಭಕ್ತಿಸಾಹಿತ್ಯದಲ್ಲಿ ಬೇರೂರಿದೆ. ಆದುದರಿಂದ ‘ಕಬ್ಬಿಣದ ಪಂಜರ’ವನ್ನು ಓದಿದ ಕನ್ನಡಿಗನು ವೇಬರನು ಹೇಳದ ಬಿಡುಗಡೆಯೊಂದನ್ನು ತಾನಾಗಿ ಸೇರಿಸಿಕೊಳ್ಳುತ್ತಾನೆ. ವೇಬರನ ವಿಷಾದ, ಒಳಗಿದ್ದವನಿಗೂ ಕವಚಕ್ಕೂ ಬೇರ್ಪಡೆ ಸಾಧ್ಯವೇ ಎಂಬ ಆ ಸಂದೇಹ, ನಮ್ಮನ್ನು ಮುಟ್ಟದೆ ಹೋಗುತ್ತದೆ.

9

ಅನುವಾದಕರ ಪರವಾಗಿ ಹೇಳಬೇಕಾದುದೂ ಉಂಟು. ಓದುಗನು ಎಡವದೆ ಓದಬೇಕೆಂಬುದು ಸಣ್ಣ ಗುರಿಯಲ್ಲ. ಪಾರ್ಸನ್ಸರ ಪಂಜರವಿಲ್ಲದಿದ್ದರೆ ವೇಬರನು ಇಷ್ಟು ದೂರ ಸಂಚರಿಸುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಎಲ್ಲ ರೂಪಕಗಳನ್ನೂ ಅಕ್ಷರಶಃ ಹೊತ್ತು ತಂದರೆ ಮೆಣಸಿನ ಕಾಳಿನ ಗೇಣಿಯಂತೆ ಅನರ್ಥವೂ ಆಗುತ್ತದೆ. ಆದಕಾರಣ ನಮ್ಮ ಸೂಚನೆ ಮಿತವಾದುದು. ರೂಢಿಲಕ್ಷಣೆಯಾದರೆ ತಾತ್ಪರ್ಯವನ್ನು ಕೊಡಲಿ. ಆದರೆ ಇತಿಹಾಸದ ಗ್ರಂಥವಾದಲ್ಲಿ ಮೂಲದ ವಸ್ತು ಯಾವುದೆಂದು ಒಂದು ಸಲವಾದರೂ ಹೇಳಲಿ. ಪ್ರಯೋಜನಲಕ್ಷಣೆಯಾದರೆ ವಸ್ತುವನ್ನು ಬಿಡದಿರಲಿ. ಓದುಗನು ಕ್ಷಣಕಾಲ ಎಡವಿದರೂ ಚಿಂತೆಯಿಲ್ಲ. ಮೂಲದಲ್ಲಿ ಅಲಂಕಾರವಿಲ್ಲದೆಡೆ ತಾನಾಗಿ ಅಲಂಕಾರವನ್ನು ತೊಡಿಸದಿರಲಿ. ಕನ್ನಡದವನು ಇಂಗ್ಲಿಷಿನ ರೂಪಕವನ್ನು ಮೂಲವೆಂದು ನಂಬುವ ಮುನ್ನ ಜರ್ಮನ್ ಪದವೊಂದನ್ನಾದರೂ ನಿಘಂಟಿನಲ್ಲಿ ನೋಡಲಿ.

ಇದು ಅಸಾಧ್ಯವಾದ ಆದರ್ಶವಲ್ಲವೆಂಬುದಕ್ಕೆ ನಮ್ಮೆದುರಿಗೇ ಒಬ್ಬ ಜರ್ಮನನ ಉದಾಹರಣೆಯಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕರ್ನಾಟಕಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕೆಲಸ ಮಾಡಿದುದು ತಮ್ಮದಲ್ಲದ ಎರಡು ಭಾಷೆಗಳ ನಡುವೆ. ಅವರು ಪದದ ಸಾರವನ್ನಷ್ಟೇ ಕೊಟ್ಟು ಮುಗಿಸಲಿಲ್ಲ. ಗಿಡಮರಗಳಿಗೆ ಸಸ್ಯಶಾಸ್ತ್ರದ ಹೆಸರುಗಳನ್ನು ಸೇರಿಸಿದರು, ಪದಗಳಿಗೆ ಸಂಬಂಧಿಸಿದ ಗಾದೆಗಳನ್ನು ಸಂಗ್ರಹಿಸಿದರು. ವಸ್ತುವನ್ನೂ ಅದರ ಬಳಕೆಯನ್ನೂ ಒಟ್ಟಿಗೆ ಇರಿಸಿದುದರಿಂದಲೇ ಆ ನಿಘಂಟಿನಿಂದ ಇಂದಿಗೂ ಇತಿಹಾಸವನ್ನು ಹೆಕ್ಕಬಹುದು. ಇಂಗ್ಲಿಷರಲ್ಲಿಯೂ ಅಂತಹವರಿದ್ದರು. ಶ್ರೀರಂಗಪಟ್ಟಣದ ಪತನದ ತರುವಾಯ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿ, 1801ರಲ್ಲಿ ಸೋಂದೆಗೆ ಬಂದ ಫ್ರಾನ್ಸಿಸ್ ಬುಕಾನನ್ನನು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಲ್ಲಿಯ ಅಡಿಕೆ, ಮೆಣಸುಗಳ ತೋಟಗಳನ್ನು ವಿವರವಾಗಿ ದಾಖಲಿಸಿದನು. ಅವನು ಕಂಡುದು ‘ಸಂಪತ್ತು’ ಎಂಬ ಭಾವವಾಚಕವನ್ನಲ್ಲ, ಬಳ್ಳಿಯನ್ನು.

ದೂರದಲ್ಲಿದ್ದವರು ‘ಮೆಣಸು ಬೆಳೆಯುವಲ್ಲಿಗೆ ಹೋಗು’ ಎಂದು ಬಯ್ದಾಗ ಅದು ಶಾಪವಾಗಿತ್ತು. ಇಲ್ಲಿ ಇರುವವರಿಗೆ ಅದು ವಿಳಾಸ. ಶಾಪವನ್ನು ಅನುವಾದಿಸಿದವರು ವಿಳಾಸವನ್ನು ಅಳಿಸಿದರು. ಅದನ್ನು ಮತ್ತೆ ಬರೆದಿಡುವ ಕೆಲಸ ನಮ್ಮದು. ಅದಕ್ಕೆ ದೊಡ್ಡ ಸಿದ್ಧಾಂತ ಬೇಕಾಗಿಲ್ಲ. ಅನುವಾದದ ಪ್ರತಿಯೊಂದು ಮೂಟೆಯನ್ನು ಕೆಳಗಿಳಿಸಿ, ಬಾಯಿ ಬಿಚ್ಚಿ, ಒಳಗೇನಿತ್ತೆಂದು ನೋಡುವ ತಾಳ್ಮೆಯೊಂದಿದ್ದರೆ ಸಾಕು.